ಶುಕ್ರಗ್ರಹಾನ್ವೇಷಣದ ಮೊದಲ ದಶಕ: ವಿಫಲಯಾನಗಳ ವಿಚಾರ

೧. ಪೀಠಿಕೆ

ಸೂರ್ಯಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾಗಿ ಕಾಣತಕ್ಕ ಜ್ಯೋತಿಯೆಂದರೆ ಶುಕ್ರಗ್ರಹವು. ಕನ್ನಡನಾಡಿನ ಹಳ್ಳಿಗಳಲ್ಲಿ ಇದಕ್ಕೆ ‘ಬೆಳ್ಳಿ’ ಎಂಬ ಹೆಸರು ರೂಢಿಯಲ್ಲಿದೆ. ಬೆಳ್ಳಿ ಮೂಡಿದುದನ್ನು ಕಂಡು ಹೊತ್ತನ್ನು ಗೊತ್ತುಮಾಡಿಕೊಂಡು ಬೇಸಾಯಗಾರರು ಕೆಲಸಕ್ಕೆ ಏಳುತ್ತಿದ್ದರು. ಗಾತ್ರದಲ್ಲಿ ಭೂಮಿಗೆ ಇದರಷ್ಟು ಸಮೀಪವಾದ ಗ್ರಹವು ಮತ್ತೊಂದಿಲ್ಲ. ಭೂಮಿಯ ವ್ಯಾಸವು ಸುಮಾರು ೧೨,೭೫೦ ಕಿಲೋಮೀಟರ್. ಶುಕ್ರನದು ಸುಮಾರು ೧೨,೧೦೦ ಕಿಲೋಮೀಟರ್. ಭೂಮಿಯ ಬಳಿಗೆ ಅತಿ ಹತ್ತಿರವಾಗಿ ಬರುವ ಗ್ರಹವೂ ಇದೇ. ಇಷ್ಟೆಲ್ಲ ನಿಕಟಸಂಬಂಧವಿದ್ದಾಗ್ಯೂ, ೧೯೬೦ನೆಯ ಇಸವಿಯವರೆಗೆ ಶುಕ್ರನ ನೆಲವನ್ನು ಯಾರೂ ಕಂಡಿರಲಿಲ್ಲ. ದಟ್ಟವಾದ ಬಿಳಿಯ ಮೇಘವು ಆ ಗ್ರಹವನ್ನು ಯಾವಾಗಲೂ ಮುಚ್ಚಿಕೊಂಡಿರುವುದರಿಂದ, ಎಷ್ಟು ದೊಡ್ಡ ದೂರದರ್ಶಕದಿಂದ ನೋಡಿದರೂ ಮೇಘದ ಮೇಲ್ಮೈಯಲ್ಲದೆ ಮತ್ತೇನೂ ಗೋಚರವಾಗುತ್ತಿರಲಿಲ್ಲ.

೧೯೬೧ರಿಂದ ೧೯೭೦ರವರೆಗಿನ ಹತ್ತು ವರ್ಷಗಳಲ್ಲಿ ಅಂದಿನ ಸೋವಿಯೆಟ್ ಒಕ್ಕೂಟವು ಈ ಮೇಘದ ಕೆಳಗೆ ಏನಿದೆ ಎಂಬುದನ್ನು ತಿಳಿಯುವುದಕ್ಕಾಗಿ ಮನುಷ್ಯರಿಲ್ಲದ ಯಂತ್ರನೌಕೆಗಳನ್ನು ಒಂದಾದಮೇಲೊಂದರಂತೆ ಕಳುಹಿಸಿತು. ಕೇವಲ ಪರೀಕ್ಷಾರ್ಥವಾಗಿ ಹಾರಿಸಿದುವನ್ನು ಬಿಟ್ಟರೆ ಅವುಗಳ ಸಂಖ್ಯೆ ೧೬. ಇವುಗಳಲ್ಲಿ ೮ ನೌಕೆಗಳು ಭೂಮಿಯ ಸುತ್ತಣ ಕಕ್ಷೆಯನ್ನು ದಾಟಲೇ ಇಲ್ಲ. ದಾಟಿ ಹೋದ ೮ರಲ್ಲಿ ೪ ನಡುದಾರಿಯಲ್ಲಿಯೇ ಮೂಕವಾದುವು. ಉಳಿದ ೪ ಶುಕ್ರನ ವಾಯುಮಂಡಲವನ್ನು ಹೊಕ್ಕು ವರ್ತಮಾನವನ್ನು ಕಳುಹಿಸಿದುವು; ಅವುಗಳಲ್ಲಿಯೂ ನೆಲವನ್ನು ಮುಟ್ಟಿದ ಬಳಿಕ ಮಾತನಾಡಿದುದು ಒಂದೇ ಒಂದು. ಅದೇ ದಶಕದಲ್ಲಿ ಅಮೆರಿಕದ ಸಂಯುಕ್ತಸಂಸ್ಥಾನವು ಇದೇ ಗ್ರಹಕ್ಕೆ ಮೂರು ನೌಕೆಗಳನ್ನು ಕಳುಹಿಸಿತು. ಒಂದು ನಾಶವಾಗಿ ಎರಡು ಸಫಲವಾದುವು.

ಈ ವಿಫಲಯಾನಗಳನ್ನು ಸಾಮಾನ್ಯವಾಗಿ ಪಟ್ಟಿಯೊಂದರಲ್ಲಿ ಸೇರಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ವಿಚಾರಮಾಡಿ ನೋಡಿದರೆ ವೈಫಲ್ಯಗಳಲ್ಲಿ ಎರಡು ಜಾತಿಗಳುಂಟೆಂಬುದು ವ್ಯಕ್ತವಾಗುವುದು. ಯಂತ್ರವನ್ನು ಮಾಡಿದವರ ಕೌಶಲದ ಕೊರತೆಯಿಂದ ಉಂಟಾದುವು ಒಂದು ಜಾತಿ. ಹೋಗಬೇಕಾದ ಸ್ಥಳದ ಸ್ವರೂಪವೇ ತಿಳಿಯದಿದ್ದುದರಿಂದ ಉಂಟಾದುವು ಮತ್ತೊಂದು ಜಾತಿ. ಮೊದಲನೆಯದನ್ನು ಭೂಮಿಯ ಮೇಲಿನ ಪರೀಕ್ಷಾಶಾಲೆಯಲ್ಲಿ ನಿವಾರಿಸಬಹುದು. ಎರಡನೆಯದನ್ನು ಅಲ್ಲಿಗೆ ಹೋಗಿಯೇ ನಿವಾರಿಸಬೇಕು. ಈ ಎರಡರ ಭೇದವನ್ನು ಉದಾಹರಣೆಗಳಿಂದ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಹೊರಡುವ ಮೊದಲು ತಿಳಿದಿದ್ದುದು

ಶುಕ್ರನ ನೆಲದ ವಿಷಯವಾಗಿ ಆ ಕಾಲಕ್ಕೆ ಇದ್ದುವೆಲ್ಲ ಊಹೆಗಳು. ಸ್ವೀಡನ್ ದೇಶದ ರಸಾಯನಶಾಸ್ತ್ರಜ್ಞರಾದ ಸ್ವಾಂಟೆ ಅರ್ಹೇನಿಯಸ್ ಅವರು ೧೯೧೮ರಲ್ಲಿ, ಮೇಘವೆಂದರೆ ನೀರಿನ ಆವಿಯೇ ಆಗಿರಬೇಕೆಂದು ಭಾವಿಸಿ, ಆ ಗ್ರಹದಲ್ಲಿ ಸದಾ ಒದ್ದೆಯಾದ ಜೌಗುನೆಲವೂ ದಟ್ಟವಾದ ಸಸ್ಯರಾಶಿಯೂ ಇರುವುವೆಂದು ವರ್ಣಿಸಿದ್ದರು. ೧೯೩೨ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಆಡಮ್ಸ್ ಮತ್ತು ಡನ್‌ಹ್ಯಾಮ್ ಎಂಬವರು ಬೆಳಕಿನ ವರ್ಣಪಟಲವನ್ನು ಪರೀಕ್ಷಿಸಿ, ಮೇಘದ ಮೇಲಣ ವಾಯುವಿನಲ್ಲಿ ಇಂಗಾಲಾಮ್ಲವು ಹೇರಳವಾಗಿರುವುದನ್ನು ಕಂಡುಹಿಡಿದರು. ೧೯೫೫ರಲ್ಲಿ ವ್ಹಿಪಲ್ ಮತ್ತು ಮೆನ್‌ಜೆಲ್ ಅವರು ಇಡೀ ಗ್ರಹವು ಸಮುದ್ರದಿಂದ ಮುಚ್ಚಿರಬಹುದೆಂಬ ವಾದವನ್ನು ಮುಂದಿಟ್ಟರು. ನೀರಿಲ್ಲದ ಮರಳುಗಾಡೆಂದು ವಾದಿಸಿದವರೂ ಇದ್ದರು.

೧೯೫೬ರಲ್ಲಿ ಅಮೆರಿಕದ ನೌಕಾಸಂಶೋಧನಾಲಯದ ಮೇಯರ್ ಮತ್ತು ಅವರ ಸಂಗಡಿಗರು ಶುಕ್ರನಿಂದ ಬರುವ ಕಿರುರೇಡಿಯೋ ತರಂಗಗಳನ್ನು ಅಳೆದರು. ಆ ಅಳತೆಯ ಪ್ರಕಾರ ತರಂಗಗಳನ್ನು ಹೊರಸೂಸುವ ವಸ್ತುವು ೩೦೦ ಸೆಂಟಿಗ್ರೇಡ್ ಡಿಗ್ರಿಗೂ ಮೇಲ್ಪಟ್ಟು ಕಾದಿರಬೇಕಾಗಿದ್ದಿತು. ಆದರೆ ಆ ವಸ್ತುವು ಗ್ರಹದ ನೆಲವೋ, ಅಥವಾ ವಾಯುಮಂಡಲದ ಮೇಲ್ತುದಿಯಲ್ಲಿರಬಹುದಾದ ವಿದ್ಯುತ್ಕಣಗಳ ಪದರವೋ ಎಂಬುದು ನಿರ್ಧರವಾಗಲಿಲ್ಲ. ನೆಲವೇ ಕಾದಿದೆ ಎಂಬ ಪಕ್ಷವನ್ನು ಹಿಡಿದವರಲ್ಲಿ ಕಾರ್ಲ್ ಸೇಗನ್ ಅವರು ಮುಖ್ಯರು. ಇಂಗಾಲಾಮ್ಲವು ಸೂರ್ಯನ ಬೆಳಕನ್ನು ಒಳಕ್ಕೆ ಬಿಟ್ಟು, ನೆಲದಿಂದ ಹೊರಡುವ ಶಾಖವನ್ನು ತಡೆದುಕೊಳ್ಳುವುದರಿಂದ ಗ್ರಹವು ಕಾಯುವುದೆಂದು ಅವರು ವಾದಿಸಿದರು.

ಹೀಗಿರಲಾಗಿ, ಯಂತ್ರವನ್ನು ಕಟ್ಟುವವನ ಸಂಕಟವು ಎಂತಹುದೆಂಬುದನ್ನು ಯೋಚಿಸಬಹುದು. ಇಳಿಯುವ ಪೇಟಿಕೆಯು ನೀರಿನಲ್ಲಿ ತೇಲಬೇಕೇ, ಮರಳಿನ ಮೇಲೆ ನಿಲ್ಲಬೇಕೇ, ಕಾದ ಕುಲುಮೆಯಲ್ಲಿ ಬಾಳಬೇಕೇ ಎಂಬ ಪ್ರಶ್ನೆಗೆ ಯಾರಿಂದಲೂ ಉತ್ತರ ದೊರೆಯುತ್ತಿರಲಿಲ್ಲ. ಪೇಟಿಕೆಯನ್ನು ಎಲ್ಲಕ್ಕೂ ಸಿದ್ಧಪಡಿಸಿದರೆ ತೂಕವು ಮಿತಿಮೀರುತ್ತಿತ್ತು. ಯಾವುದಾದರೊಂದನ್ನು ನಂಬಿದರೆ ನಂಬಿಕೆಯು ಸುಳ್ಳಾಗುವ ಭಯವಿದ್ದಿತು.

೩. ಪಯಣದ ಕಷ್ಟಗಳು

ಗ್ರಹಯಾನದಲ್ಲಿ ಚಂದ್ರಯಾನಕ್ಕಿಂತ ಹೆಚ್ಚಿನದಾದ ಕಷ್ಟಗಳು ಐದು.

ಮೊದಲನೆಯದು ಕಾಲನಿಯಮ. ಭೂಮಿ ಮತ್ತು ಶುಕ್ರಗಳು ಅನುಕೂಲವಾದ ಸ್ಥಾನಕ್ಕೆ ಬರುವುದು ಸುಮಾರು ೫೮೪ ದಿನಗಳಿಗೊಮ್ಮೆ. ಆ ಕೆಲವು ದಿನಗಳ ಅವಕಾಶವು ತಪ್ಪಿದರೆ ಮತ್ತೆ ಹತ್ತೊಂಬತ್ತು ತಿಂಗಳು ಕಾಯಬೇಕು. ಆದುದರಿಂದ ಯಂತ್ರವು ಸಂಪೂರ್ಣವಾಗಿ ಸಿದ್ಧವಾಗಿರಲಿ ಇಲ್ಲದಿರಲಿ ಹಾರಿಸಿಬಿಡುವ ಆತುರವು ಸಹಜವಾಗಿಯೇ ಉಂಟಾಗುತ್ತಿತ್ತು.

ಎರಡನೆಯದು ಹೊರಡುವ ಕ್ರಮ. ನೌಕೆಯನ್ನು ಮೊದಲು ಭೂಮಿಯ ಸುತ್ತಣ ಕಕ್ಷೆಯಲ್ಲಿ ನಿಲ್ಲಿಸಿ, ತಕ್ಕ ಸ್ಥಳಕ್ಕೆ ಬಂದಾಗ ಕೊನೆಯ ಹಂತದ ರಾಕೆಟ್ಟನ್ನು ಹೊತ್ತಿಸಿ ಅಲ್ಲಿಂದ ಮುಂದಕ್ಕೆ ಕಳುಹಿಸಬೇಕಾಗಿತ್ತು. ಕಕ್ಷೆಯಲ್ಲಿ ವಸ್ತುಗಳಿಗೆ ಭಾರವಿರುವುದಿಲ್ಲವಾದುದರಿಂದ ತೊಟ್ಟಿಯಲ್ಲಿನ ದ್ರವವು ತಳದಲ್ಲಿ ನಿಲ್ಲದೆ ಎಲ್ಲೆಂದರಲ್ಲಿ ಚದರಿರುವುದು. ಚಿಕ್ಕ ರಾಕೆಟ್ಟುಗಳಿಂದ ನೂಕಿ ಅದನ್ನು ತಳಕ್ಕೆ ಕೂಡಿಸಿದ ಬಳಿಕವೇ ದೊಡ್ಡದನ್ನು ಹೊತ್ತಿಸಬೇಕು. ನಿರ್ವಾತದಲ್ಲಿ, ನೋಡುವವರಿಲ್ಲದೆ, ತನ್ನಷ್ಟಕ್ಕೆ ತಾನೇ ನಡೆಯಬೇಕಾದ ಈ ಕ್ರಿಯೆಯಲ್ಲಿಯೇ ಬಹುಪಾಲು ನೌಕೆಗಳು ಸೋತುವು.

ಮೂರನೆಯದು ಗುರಿಯ ಸೂಕ್ಷ್ಮತೆ. ನೌಕೆಯ ವೇಗದಲ್ಲಿ ಸೆಕೆಂಡಿಗೆ ಒಂದೇ ಒಂದು ಮೀಟರಿನಷ್ಟು ತಪ್ಪು ಉಳಿಯಿತೆಂದು ಇಟ್ಟುಕೊಳ್ಳೋಣ. ನೂರು ದಿನಗಳಲ್ಲಿ ೮೬ ಲಕ್ಷ ೪೦ ಸಾವಿರ ಸೆಕೆಂಡುಗಳಿರುವುದರಿಂದ, ಆಕರ್ಷಣದ ಪರಿಣಾಮವನ್ನು ಲೆಕ್ಕಕ್ಕೆ ತರದಿದ್ದರೂ, ಕೊನೆಯಲ್ಲಿ ೮,೬೪೦ ಕಿಲೋಮೀಟರುಗಳ ಅಂತರ ಬೀಳುವುದು. ಇದು ಶುಕ್ರನ ಅರೆವ್ಯಾಸಕ್ಕಿಂತ ಹೆಚ್ಚು. ನಡುದಾರಿಯಲ್ಲಿ ದಾರಿಯನ್ನು ತಿದ್ದದೆ ಗ್ರಹವನ್ನು ಮುಟ್ಟುವುದು ಅಸಾಧ್ಯವೆಂದೇ ಹೇಳಬಹುದು. ತಿದ್ದಬೇಕಾದರೆ ನೌಕೆಯು ಸೂರ್ಯನನ್ನೂ ನಕ್ಷತ್ರವನ್ನೂ ಗುರುತಿಸಿ ತಾನಿರುವ ದಿಕ್ಕನ್ನು ತಿಳಿದುಕೊಳ್ಳಬೇಕು.

ನಾಲ್ಕನೆಯದು ಶಾಖ. ಶುಕ್ರನ ದೂರದಲ್ಲಿ ಬಿಸಿಲು ಭೂಮಿಯಲ್ಲಿರುವುದರ ಸುಮಾರು ಎರಡರಷ್ಟು ತೀವ್ರವಾಗಿರುವುದು. ನಿರ್ವಾತದಲ್ಲಿ ಗಾಳಿಯಿಂದ ಆರುವ ಉಪಾಯವಿಲ್ಲ.

ಐದನೆಯದು ಸಂಭಾಷಣೆ. ೧೯೬೨ರಲ್ಲಿ ಶುಕ್ರನನ್ನು ಸಂಧಿಸಿದ ನೌಕೆಯು ಆಗ ಭೂಮಿಯಿಂದ ಸುಮಾರು ೫ ಕೋಟಿ ೮೦ ಲಕ್ಷ ಕಿಲೋಮೀಟರ್ ದೂರದಲ್ಲಿತ್ತು. ಇದು ಚಂದ್ರನ ದೂರದ ಸುಮಾರು ೧೫೦ ಮಡಿ. ದೂರದ ವರ್ಗಕ್ಕೆ ಅನುಸಾರವಾಗಿ ಸಂಕೇತವು ಕ್ಷೀಣಿಸುವುದರಿಂದ, ಚಂದ್ರನಿಂದ ಬರುವ ದನಿಗಿಂತ ಇದು ೨೨ ಸಾವಿರ ಪಾಲಿಗೂ ಕಡಮೆಯಾಗಿರುವುದು. ಕ್ರಿಮಿಯಾದ ಯೆವ್‌ಪಟೋರಿಯಾದಲ್ಲಿ ೧೬ ಮೀಟರ್ ಅಗಲದ ಎಂಟು ಬಟ್ಟಲುಗಳನ್ನು ಜೋಡಿಸಿ ನಿಲ್ಲಿಸಿದ ಗ್ರಾಹಕವೂ, ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನಿನಲ್ಲಿ ನಿಲ್ಲಿಸಿದ ೨೬ ಮೀಟರಿನ ಗ್ರಾಹಕವೂ ಇಂತಹ ಕ್ಷೀಣಧ್ವನಿಯನ್ನು ಆಲಿಸುವುದಕ್ಕೆ ಉಪಯೋಗವಾದುವು.

೪. ಮೊದಲ ಪ್ರಯತ್ನಗಳು: ೧೯೬೧–೬೨

೧೯೬೧ನೆಯ ಇಸವಿ ಫೆಬ್ರವರಿ ೪ನೆಯ ತಾರೀಖು ಶುಕ್ರನ ಕಡೆಗೆ ಮೊದಲ ನೌಕೆಯು ಹೊರಟಿತು. ಭೂಕಕ್ಷೆಯನ್ನು ಸೇರಿತಾದರೂ ಅದರ ನಾಲ್ಕನೆಯ ಹಂತದ ರಾಕೆಟ್ಟು ಹೊತ್ತಲಿಲ್ಲ. ಆ ಹಂತಕ್ಕೆ ವಿದ್ಯುತ್ತನ್ನು ಒದಗಿಸಬೇಕಾಗಿದ್ದ ಪರಿವರ್ತಕಯಂತ್ರವು ನಿರ್ವಾತದಲ್ಲಿ ಕೆಲಸಮಾಡುವುದಕ್ಕೆ ತಕ್ಕುದಾಗಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಪ್ರಕಟಣೆಯಲ್ಲಿ ಮಾತ್ರ ಶುಕ್ರನ ಹೆಸರೇ ಬರಲಿಲ್ಲ. ೬,೪೮೩ ಕಿಲೋಗ್ರಾಂ ತೂಕದ ಭಾರಿಯ ಉಪಗ್ರಹವೊಂದನ್ನು ಹಾರಿಸಿದುದಾಗಿ ಹೇಳಿ ವಿಷಯವನ್ನು ಮುಗಿಸಲಾಯಿತು. ಆ ನೌಕೆಯು ತಿಂಗಳ ಕೊನೆಯಲ್ಲಿ ವಾಯುಮಂಡಲವನ್ನು ಹೊಕ್ಕು ಸೈಬೀರಿಯದ ಮೇಲೆ ಬಿದ್ದಿತು. ಶುಕ್ರನಲ್ಲಿ ಇಡುವುದಕ್ಕೆಂದು ಅದರೊಳಗಿರಿಸಿದ್ದ ಲೋಹದ ಮುದ್ರೆಯು ಕೆಲವು ಕಾಲದಮೇಲೆ ಸೈಬೀರಿಯದ ಹೊಳೆಯೊಂದರಲ್ಲಿ ಈಜುತ್ತಿದ್ದ ಹುಡುಗನಿಗೆ ಸಿಕ್ಕಿತೆಂದು ಆ ಯೋಜನೆಯಲ್ಲಿ ಪ್ರಮುಖರಾಗಿದ್ದ ಬೋರಿಸ್ ಚೆರ್ಟೋಕ್ ಅವರು ತಮ್ಮ ನೆನಪುಗಳಲ್ಲಿ ದಾಖಲಿಸಿರುವರು.

ಎಂಟು ದಿನಗಳ ಬಳಿಕ, ಫೆಬ್ರವರಿ ೧೨ರಂದು, ಕೆಟ್ಟ ಭಾಗವನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು ಮತ್ತೊಂದು ನೌಕೆಯನ್ನು ಹಾರಿಸಿದರು. ಇದೇ ವೆನೆರಾ-೧, ತೂಕ ೬೪೩.೫ ಕಿಲೋಗ್ರಾಂ. ಮತ್ತೊಂದು ಗ್ರಹದ ಕಡೆಗೆ ದಾರಿಹಿಡಿದ ಮೊದಲ ಮಾನವಕೃತಿಯು ಇದೇ. ಐದೈದು ದಿನಗಳಿಗೊಮ್ಮೆ ನೌಕೆಯು ಮಾತನಾಡಬೇಕೆಂದೂ, ನಡುವೆ ಶಕ್ತಿಯನ್ನು ಉಳಿಸಲು ಮೌನವಾಗಿರಬೇಕೆಂದೂ ಏರ್ಪಾಡಾಗಿತ್ತು. ಭೂಮಿಯಿಂದ ಸುಮಾರು ೧೯ ಲಕ್ಷ ಕಿಲೋಮೀಟರ್ ದೂರದಲ್ಲಿ ಅದು ಮಾತನಾಡಿತು. ಮುಂದಿನ ಸರದಿಯಲ್ಲಿ ಉತ್ತರವಿಲ್ಲ. ಸೂರ್ಯನನ್ನು ಗುರುತಿಸತಕ್ಕ ಸೂಚಕವು ಮಿತಿಮೀರಿ ಕಾದುದೇ ಕಾರಣವಾಗಿರಬೇಕೆಂದು ಊಹಿಸಲಾಯಿತು. ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕಿನ ದೊಡ್ಡ ರೇಡಿಯೋ ದೂರದರ್ಶಕದಿಂದಲೂ ಹುಡುಕಿದರು, ಪ್ರಯೋಜನವಾಗಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಮೂಕವಾದ ಆ ನೌಕೆಯು ಶುಕ್ರನಿಂದ ಸುಮಾರು ಒಂದು ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಸಂಪೂರ್ಣ ಮೌನದಲ್ಲಿರುವ ಯಂತ್ರಕ್ಕೆ ಕಷ್ಟಕಾಲದಲ್ಲಿ ಆಜ್ಞೆ ಕೊಡುವುದಕ್ಕೂ ಉಪಾಯವಿರುವುದಿಲ್ಲ ಎಂಬ ಪಾಠವು ಇದರಿಂದ ದೊರೆಯಿತು.

ಮುಂದಿನ ಅವಕಾಶವು ೧೯೬೨ರಲ್ಲಿ ಬಂದಿತು. ಆಗಸ್ಟ್ ೨೫, ಸೆಪ್ಟೆಂಬರ್ ೧, ಸೆಪ್ಟೆಂಬರ್ ೧೨ ಈ ಮೂರು ದಿನಗಳಲ್ಲಿ ಹೊರಟ ಮೂರು ನೌಕೆಗಳೂ ಭೂಕಕ್ಷೆಯಲ್ಲಿಯೇ ಉಳಿದು ನಾಶವಾದುವು. ಅದೇ ವರ್ಷ ನವೆಂಬರ್ ೧ರಂದು ಕುಜನ ಕಡೆಗೆ ಹೊರಟ ಮಾರ್ಸ್-೧ ಎಂಬ ನೌಕೆಯು ದಿಕ್ಕನ್ನು ತಿದ್ದುವ ವಾಯುವಿನ ಕವಾಟವು ಸೋರಿದುದರಿಂದ ನಿಯಂತ್ರಣ ತಪ್ಪಿ, ೧೯೬೩ರ ಮಾರ್ಚಿ ೨೧ರಂದು ೧೦ ಕೋಟಿ ೬೦ ಲಕ್ಷ ಕಿಲೋಮೀಟರ್ ದೂರದಿಂದ ಕೊನೆಯ ಮಾತನ್ನು ಕಳುಹಿಸಿತು.

ಇವೆಲ್ಲವೂ ಮೊದಲನೆಯ ಜಾತಿಯ ವೈಫಲ್ಯಗಳು. ಪರಿವರ್ತಕವೂ ಕವಾಟವೂ ಸೂಚಕವೂ ಕೆಡುವುದಕ್ಕೆ ಶುಕ್ರನ ರಹಸ್ಯವಾಗಲಿ ಕುಜನ ರಹಸ್ಯವಾಗಲಿ ಕಾರಣವಲ್ಲ. ಇವುಗಳಿಂದ ಗ್ರಹಗಳ ವಿಷಯವಾಗಿ ಒಂದಕ್ಷರವೂ ತಿಳಿಯಲಿಲ್ಲ.

೫. ಒಂದು ಗೆರೆಯ ಲೋಪ

ಅಮೆರಿಕದ ಮೊದಲ ಗ್ರಹನೌಕೆಯಾದ ಮ್ಯಾರಿನರ್-೧ರ ಕಥೆಯು ಇದೇ ಜಾತಿಗೆ ಸೇರಿದುದು. ೧೯೬೨ರ ಜುಲೈ ೨೨ರಂದು ಕೇಪ್ ಕೆನವೆರಲ್‌ನಿಂದ ಹೊರಟ ರಾಕೆಟ್ಟು ದಾರಿಬಿಟ್ಟು ವಾಲತೊಡಗಿತು. ಜನವಸತಿಯ ಮೇಲೆ ಬೀಳಬಹುದೆಂಬ ಭಯದಿಂದ ರಕ್ಷಣಾಧಿಕಾರಿಯು ೨೯೩ನೆಯ ಸೆಕೆಂಡಿನಲ್ಲಿ ಅದನ್ನು ಸ್ಫೋಟಿಸಿ ನಾಶಮಾಡಿಸಿದನು. ಇನ್ನು ಕೆಲವೇ ಸೆಕೆಂಡುಗಳು ಕಳೆದಿದ್ದರೆ ಮೇಲಿನ ಹಂತವು ಬೇರ್ಪಟ್ಟು, ನಾಶಮಾಡುವ ಆಜ್ಞೆಯು ಅದಕ್ಕೆ ತಲಪುತ್ತಿರಲಿಲ್ಲ.

ಕಾರಣವನ್ನು ಶೋಧಿಸಿದಾಗ ಎರಡು ತಪ್ಪುಗಳು ಒಂದುಗೂಡಿದುದು ಹೊರಬಿದ್ದಿತು. ರಾಕೆಟ್ಟಿನಲ್ಲಿ ವೇಗವನ್ನು ತಿಳಿಸತಕ್ಕ ರೇಡಿಯೋಯಂತ್ರವು ನಡುನಡುವೆ ಕೆಲಸ ನಿಲ್ಲಿಸುತ್ತಿತ್ತು, ಇದು ಮೊದಲನೆಯದು. ಗಣಕಯಂತ್ರಕ್ಕೆ ಬರೆದುಕೊಟ್ಟ ಸಮೀಕರಣದಲ್ಲಿ ಅಕ್ಷರವೊಂದರ ತಲೆಯ ಮೇಲೆ ಇರಬೇಕಾದ ಅಡ್ಡಗೆರೆಯೊಂದು ಬಿಟ್ಟುಹೋಗಿತ್ತು, ಇದು ಎರಡನೆಯದು. ಆ ಗೆರೆಯ ಅರ್ಥವೇನೆಂದರೆ, ಕ್ಷಣಕ್ಷಣಕ್ಕೂ ಏರಿಳಿಯುವ ಅಳತೆಯನ್ನು ಹಾಗೆಯೇ ತೆಗೆದುಕೊಳ್ಳದೆ, ಸಮಗೊಳಿಸಿದ ಸರಾಸರಿಯನ್ನು ಉಪಯೋಗಿಸತಕ್ಕುದು ಎಂಬುದು. ಗೆರೆಯಿಲ್ಲದುದರಿಂದ ಗಣಕವು ಅಳತೆಯ ಸಣ್ಣ ನಡುಕಗಳನ್ನೆಲ್ಲ ರಾಕೆಟ್ಟಿನ ನಿಜವಾದ ಹೊಯ್ದಾಟವೆಂದು ಭ್ರಮಿಸಿ, ಇಲ್ಲದ ತಪ್ಪನ್ನು ತಿದ್ದಹೋಗಿ ಇರುವ ದಾರಿಯನ್ನೇ ಕೆಡಿಸಿತು. ಯಂತ್ರವು ಸರಿಯಾಗಿದ್ದಿದ್ದರೆ ಬರಹದ ತಪ್ಪು ಹೊರಬೀಳುತ್ತಿರಲಿಲ್ಲ; ಬರಹವು ಸರಿಯಾಗಿದ್ದಿದ್ದರೆ ಯಂತ್ರದ ದೋಷವು ಇಷ್ಟು ದೂರ ಹೋಗುತ್ತಿರಲಿಲ್ಲ.

ಅಮೆರಿಕದವರು ಜೋಡಿನೌಕೆಯನ್ನು ಸಿದ್ಧವಾಗಿಟ್ಟುಕೊಂಡಿದ್ದರು. ಗೆರೆಯನ್ನು ಸೇರಿಸಿ, ಯಂತ್ರವನ್ನು ತಿದ್ದಿ, ಆಗಸ್ಟ್ ೨೭ರಂದು ಮ್ಯಾರಿನರ್-೨ನ್ನು ಹಾರಿಸಿದರು. ಸುಮಾರು ೨೦೩ ಕಿಲೋಗ್ರಾಂ ತೂಗುತ್ತಿದ್ದ ಆ ಚಿಕ್ಕ ನೌಕೆಯ ಪ್ರಯಾಣವೂ ನಿರ್ವಿಘ್ನವಾಗಿರಲಿಲ್ಲ. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಎರಡು ಹಲಗೆಗಳಲ್ಲಿ ಒಂದು ಕೆಟ್ಟುಹೋಯಿತು. ಶಾಖವು ಎಣಿಸಿದುದಕ್ಕಿಂತ ಮೀರಿತು. ಆದಾಗ್ಯೂ ಡಿಸೆಂಬರ್ ೧೪ರಂದು ಅದು ಶುಕ್ರನಿಂದ ಸುಮಾರು ೩೪,೮೦೦ ಕಿಲೋಮೀಟರ್ ದೂರದಲ್ಲಿ ಹಾದು, ಕಿರುತರಂಗಗಳು ಗ್ರಹಬಿಂಬದ ನಡುವಿನಲ್ಲಿ ತೀವ್ರವಾಗಿಯೂ ಅಂಚಿನಲ್ಲಿ ಮಂದವಾಗಿಯೂ ಇರುವುದನ್ನು ಅಳೆದು ತಿಳಿಸಿತು. ಮೇಲಿನ ವಿದ್ಯುತ್ಪದರವು ತರಂಗಗಳ ಮೂಲವಾಗಿದ್ದಿದ್ದರೆ ಅಂಚು ಹೆಚ್ಚು ಬೆಳಗಬೇಕಾಗಿತ್ತು. ಶಾಖವು ಕೆಳಗಿನಿಂದಲೇ ಬರುವುದೆಂಬುದೂ, ಅದು ೪೦೦ ಡಿಗ್ರಿಗಳಿಗೂ ಮೀರಿದುದೆಂಬುದೂ ಇದರಿಂದ ಸಿದ್ಧವಾದುವು. ಜೌಗುನೆಲ, ಸಮುದ್ರ, ಸಸ್ಯರಾಶಿ ಮೊದಲಾದ ಊಹೆಗಳಿಗೆ ಆಧಾರವು ತಪ್ಪಿತು. ಆದರೆ ನೆಲದ ಮೇಲಣ ವಾಯುವಿನ ಒತ್ತಡವೆಷ್ಟೆಂಬುದು ಇನ್ನೂ ತಿಳಿಯದೆಯೇ ಉಳಿಯಿತು. ಮುಂದಿನ ನೌಕೆಗಳ ವಿಧಿಯನ್ನು ನಿರ್ಣಯಿಸಿದುದು ಈ ಒಂದು ಅಜ್ಞಾತಸಂಖ್ಯೆಯೇ.

೬. ದಾರಿಯಲ್ಲಿ ಮೂಕವಾದುವು: ೧೯೬೪–೬೬

೧೯೬೪ರ ಮಾರ್ಚಿ ೨೭ರಂದು ಹೊರಟ ನೌಕೆಯು ಕಕ್ಷೆಯಲ್ಲಿಯೇ ನಿಂತಿತು. ಏಪ್ರಿಲ್ ೨ರಂದು ಹೊರಟುದಕ್ಕೆ ಜೋಂಡ್-೧ ಎಂಬ ಹೆಸರನ್ನಿಟ್ಟರು. ಇದರ ಯಂತ್ರಗಳನ್ನು ವಾಯುವನ್ನು ತುಂಬಿದ ಮುಚ್ಚಿದ ಕೋಣೆಯಲ್ಲಿರಿಸಿದ್ದರು. ಕೋಣೆಯ ಗಾಜಿನ ಕಿಂಡಿಯ ಬೆಸುಗೆಯು ಬಿಟ್ಟು ವಾಯುವು ಮೆಲ್ಲನೆ ಸೋರಿಹೋಗತೊಡಗಿತು. ಪೂರ್ಣ ವಾಯುವಿನಲ್ಲಿಯೂ ಪೂರ್ಣ ನಿರ್ವಾತದಲ್ಲಿಯೂ ರೇಡಿಯೋಯಂತ್ರಕ್ಕೆ ಭಯವಿಲ್ಲ. ವಿರಳವಾದ ವಾಯುವಿನಲ್ಲಿ ಮಾತ್ರ ಹೆಚ್ಚಿನ ಒತ್ತಡದ ವಿದ್ಯುತ್ತು ಕಿಡಿಯಾಗಿ ಹರಿದು ಯಂತ್ರವನ್ನು ಸುಟ್ಟುಬಿಡುವುದು. ಅಂತಹ ಸಮಯದಲ್ಲಿಯೇ ಯಂತ್ರವನ್ನು ನಡಸುವ ಆಜ್ಞೆಯು ಹೋಯಿತು. ಮೇ ತಿಂಗಳ ಮಧ್ಯದಲ್ಲಿ ಸಂಪರ್ಕವು ಪೂರ್ತಿಯಾಗಿ ಕಡಿದುಹೋಯಿತು.

೧೯೬೫ರ ನವೆಂಬರ್ ೧೨ ಮತ್ತು ೧೬ರಂದು ವೆನೆರಾ-೨, ವೆನೆರಾ-೩ ಎಂಬ ಜೋಡಿನೌಕೆಗಳು ಹೊರಟುವು. ಮೂರನೆಯದಾಗಿ ನವೆಂಬರ್ ೨೩ರಂದು ಹೊರಟುದು ಕಕ್ಷೆಯಲ್ಲಿಯೇ ಕೆಟ್ಟಿತು. ವೆನೆರಾ-೨ ಎಂಬುದು ೧೯೬೬ರ ಫೆಬ್ರವರಿ ೨೭ರಂದು ಗ್ರಹದಿಂದ ೨೪,೦೦೦ ಕಿಲೋಮೀಟರ್ ದೂರದಲ್ಲಿ ಹಾದಿತು. ಆದರೆ ಒಳಗಿನ ಶಾಖವೇರಿ ಅದು ಭೂಮಿಯ ಆಜ್ಞೆಯನ್ನು ಕೇಳದಾಗಿತ್ತು. ವೆನೆರಾ-೩ ಕೂಡ ಗ್ರಹವನ್ನು ಸೇರುವ ಮೊದಲೇ ಮೂಕವಾಯಿತು. ಅದರ ಪಥದ ಲೆಕ್ಕದಂತೆ ಮಾರ್ಚಿ ೧ರಂದು ಅದು ಶುಕ್ರನನ್ನು ಹೊಕ್ಕಿತು. ಮತ್ತೊಂದು ಗ್ರಹವನ್ನು ಮುಟ್ಟಿದ ಮೊದಲ ಮಾನವಕೃತಿ ಎಂಬ ಕೀರ್ತಿಯು ಅದಕ್ಕೆ ಸಂದಿತು. ಶಾಸ್ತ್ರಕ್ಕೆ ಮಾತ್ರ ಅದರಿಂದ ಏನೂ ಸಲ್ಲಲಿಲ್ಲ.

ಇಷ್ಟರಲ್ಲಿ ಒಂದು ಮುಖ್ಯವಾದ ಬದಲಾವಣೆಯಾಯಿತು. ಈವರೆಗೆ ಎಲ್ಲ ಭಾರವನ್ನೂ ಹೊತ್ತಿದ್ದ ಸೆರ್ಗೇಯ್ ಕೊರೊಲ್ಯೋವ್ ಅವರ ಕಾರ್ಯಾಲಯವು ಮನುಷ್ಯಯಾನ, ಚಂದ್ರಯಾನ ಮೊದಲಾದ ಕೆಲಸಗಳಿಂದ ತುಂಬಿಹೋಗಿದ್ದುದರಿಂದ, ೧೯೬೫ರಲ್ಲಿ ಗ್ರಹನೌಕೆಗಳ ಕೆಲಸವನ್ನು ಲಾವೊಚ್ಕಿನ್ ಕಾರ್ಯಾಲಯಕ್ಕೆ ವಹಿಸಿದರು. ಕೊರೊಲ್ಯೋವ್ ಅವರು ೧೯೬೬ರ ಜನವರಿಯಲ್ಲಿ ತೀರಿಕೊಂಡರು. ಹೊಸ ಕಾರ್ಯಾಲಯದ ಮುಖ್ಯಸ್ಥರಾದ ಗೆಯೋರ್ಗಿ ಬಬಾಕಿನ್ ಅವರು ಪರೀಕ್ಷೆಯ ಕ್ರಮವನ್ನೇ ಮಾರ್ಪಡಿಸಿದರು. ನೌಕೆಯನ್ನು ನಿರ್ವಾತದ ಕೋಣೆಯಲ್ಲಿಟ್ಟು ಕಾಯಿಸಿಯೂ ತಣಿಸಿಯೂ ನೋಡುವುದು, ಇಳಿಯುವ ಪೇಟಿಕೆಯನ್ನು ಗಿರಕಿಯಂತ್ರದಲ್ಲಿ ತಿರುಗಿಸಿ ಅದರ ತೂಕದ ನೂರಾರು ಮಡಿ ಭಾರವನ್ನು ಹೊರಿಸುವುದು ಇವೇ ಮೊದಲಾದ ಪರೀಕ್ಷೆಗಳು ನಡೆದುವು. ಹಿಂದೆ ನಿಜವಾದ ಯಾನದಲ್ಲಿ ಹೊರಬೀಳುತ್ತಿದ್ದ ದೋಷಗಳು ಈಗ ಪರೀಕ್ಷಾಶಾಲೆಯಲ್ಲಿ ಹೊರಬೀಳತೊಡಗಿದುವು. ಮೊದಲನೆಯ ಜಾತಿಯ ವೈಫಲ್ಯಕ್ಕೆ ತಕ್ಕ ಮದ್ದು ಇದೇ.

೭. ಜಜ್ಜಿಹೋದ ಪೇಟಿಕೆಗಳು: ೧೯೬೭–೬೯

೧೯೬೭ರ ಜೂನ್ ೧೨ರಂದು ಹೊರಟ ವೆನೆರಾ-೪ ಅಕ್ಟೋಬರ್ ೧೮ರಂದು ಶುಕ್ರನನ್ನು ಸೇರಿತು. ಅದರಿಂದ ಬೇರ್ಪಟ್ಟ ೩೮೩ ಕಿಲೋಗ್ರಾಂ ತೂಕದ ಪೇಟಿಕೆಯು ಪ್ಯಾರಾಚೂಟನ್ನು ಬಿಚ್ಚಿಕೊಂಡು ಮೇಘದೊಳಗೆ ಇಳಿಯುತ್ತ ಸುಮಾರು ಒಂದೂವರೆ ಗಂಟೆಯ ಕಾಲ ಮಾತನಾಡಿತು. ಮತ್ತೊಂದು ಗ್ರಹದ ವಾಯುವನ್ನು ಒಳಗಿನಿಂದ ಅಳೆದ ವರ್ತಮಾನವು ಇದೇ ಮೊದಲು. ವಾಯುವಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಇಂಗಾಲಾಮ್ಲವೆಂದು ತಿಳಿಯಿತು. ಉಷ್ಣತೆಯು ೩೩ ಡಿಗ್ರಿಯಿಂದ ಮೊದಲಾಗಿ ೨೬೨ ಡಿಗ್ರಿಯವರೆಗೆ ಏರಿತು. ಆಮೇಲೆ ದನಿಯು ಥಟ್ಟನೆ ನಿಂತಿತು.

ಆ ಪೇಟಿಕೆಯು ನೀರಿನಲ್ಲಿ ಬಿದ್ದರೂ ತೇಲುವಂತೆ ಮಾಡಲ್ಪಟ್ಟಿತ್ತು. ನೀರು ತಾಗಿದೊಡನೆ ಕರಗಿ ಬಿಡಿಸಿಕೊಳ್ಳಲೆಂದು ಅದರ ಬೀಗವೊಂದನ್ನು ಸಕ್ಕರೆಯಿಂದ ಮಾಡಿದ್ದರಂತೆ. ಮ್ಯಾರಿನರ್-೨ರ ಅಳತೆಗಳು ಬಂದು ಐದು ವರ್ಷಗಳಾಗುತ್ತ ಬಂದಿದ್ದರೂ ಸಮುದ್ರದ ಆಶೆಯು ಪೂರ್ತಿಯಾಗಿ ಅಳಿದಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ದನಿಯು ನಿಂತುದೇಕೆ? ಪೇಟಿಕೆಯು ನೆಲವನ್ನು ಮುಟ್ಟಿದುದರಿಂದಲೇ ಎಂದು ಸೋವಿಯೆಟ್ ಪ್ರಕಟಣೆಯು ಸಾರಿತು. ಹಾಗಿದ್ದರೆ ನೆಲದ ಮೇಲಣ ಒತ್ತಡವು ಭೂಮಿಯ ವಾಯುಭಾರದ ಇಪ್ಪತ್ತು ಮಡಿಯಷ್ಟು ಇರಬೇಕು. ಆದರೆ ಮರುದಿನವೇ, ಅಕ್ಟೋಬರ್ ೧೯ರಂದು, ಅಮೆರಿಕದ ಮ್ಯಾರಿನರ್-೫ ಶುಕ್ರನಿಂದ ಸುಮಾರು ೪,೦೦೦ ಕಿಲೋಮೀಟರ್ ದೂರದಲ್ಲಿ ಹಾದು, ತನ್ನ ರೇಡಿಯೋ ತರಂಗಗಳು ಗ್ರಹದ ವಾಯುವಿನಲ್ಲಿ ಬಾಗಿದ ಪ್ರಮಾಣವನ್ನು ತಿಳಿಸಿತು. ಎರಡರ ವರ್ತಮಾನಗಳನ್ನೂ, ಭೂಮಿಯಿಂದ ರೇಡಾರಿನ ಮೂಲಕ ಅಳೆದ ಗ್ರಹದ ಅರೆವ್ಯಾಸವನ್ನೂ ಹೋಲಿಸಿ ನೋಡಿದಾಗ ಲೆಕ್ಕವು ಹೊಂದಲಿಲ್ಲ. ದನಿಯು ನಿಂತ ಸ್ಥಳದಿಂದ ನೆಲವು ಇನ್ನೂ ಸುಮಾರು ೨೫ ಕಿಲೋಮೀಟರ್ ಕೆಳಗಿರಬೇಕಾಗಿತ್ತು. ಪೇಟಿಕೆಯ ಎತ್ತರಮಾಪಕದ ಸಂಕೇತವನ್ನು ಎರಡು ರೀತಿಯಲ್ಲಿ ಅರ್ಥಮಾಡಬಹುದಾಗಿದ್ದುದು ಭ್ರಾಂತಿಗೆ ಕಾರಣವಾಗಿತ್ತು. ಪೇಟಿಕೆಯು ನೆಲವನ್ನು ಮುಟ್ಟಿರಲಿಲ್ಲ. ಒತ್ತಡವನ್ನು ತಾಳಲಾರದೆ ನಡುವಾಯುವಿನಲ್ಲಿ ಜಜ್ಜಿಹೋಗಿತ್ತು. ನೆಲದ ಒತ್ತಡವು ಇಪ್ಪತ್ತು ಮಡಿಯಲ್ಲ, ನೂರು ಮಡಿಗೆ ಹತ್ತಿರವಾದುದೆಂದು ಕ್ರಮಕ್ರಮವಾಗಿ ಒಪ್ಪಿಗೆಯಾಯಿತು.

ಇಲ್ಲಿಂದ ಎರಡನೆಯ ಜಾತಿಯ ವೈಫಲ್ಯವು ಮೊದಲಾಗುವುದು. ವೆನೆರಾ-೪ರಲ್ಲಿ ಯಾವ ಯಂತ್ರವೂ ತನ್ನ ಕೆಲಸದಲ್ಲಿ ತಪ್ಪಲ್ಲಿಲ್ಲ. ತಪ್ಪಿದುದು ಗ್ರಹದ ವಿಷಯವಾದ ಕಲ್ಪನೆ. ೧೯೬೯ರ ಜನವರಿ ೫ ಮತ್ತು ೧೦ರಂದು ವೆನೆರಾ-೫, ವೆನೆರಾ-೬ ಹೊರಡುವ ಹೊತ್ತಿಗೆ ಪೇಟಿಕೆಯನ್ನು ಪೂರ್ತಿಯಾಗಿ ಹೊಸದಾಗಿ ಕಟ್ಟಲು ಸಮಯವಿರಲಿಲ್ಲ. ಇದ್ದುದನ್ನೇ ಬಲಪಡಿಸಿ ೨೫ ಮಡಿ ಒತ್ತಡವನ್ನು ತಾಳುವಂತೆ ಮಾಡಿ, ಶಾಖವು ಒಳಹೊಗುವ ಮೊದಲೇ ಹೆಚ್ಚು ಆಳಕ್ಕೆ ಇಳಿಯಲೆಂದು ಪ್ಯಾರಾಚೂಟನ್ನು ಕಿರಿದುಮಾಡಿದರು. ಮೇ ೧೬ ಮತ್ತು ೧೭ರಂದು ಅವು ಶುಕ್ರನನ್ನು ಹೊಕ್ಕು ಕ್ರಮವಾಗಿ ೫೩ ನಿಮಿಷ, ೫೧ ನಿಮಿಷ ಮಾತನಾಡಿದುವು. ಒತ್ತಡವು ೨೭ ಮಡಿಯನ್ನು ಸಮೀಪಿಸಿದಾಗ ಎರಡೂ ಜಜ್ಜಿಹೋದುವು. ನೆಲವನ್ನು ತಲಪಲಾರವೆಂದು ತಿಳಿದೇ ಕಳುಹಿಸಿದ ಈ ಪೇಟಿಕೆಗಳನ್ನು ವಿಫಲವೆನ್ನುವುದು ನ್ಯಾಯವಲ್ಲ. ಎಷ್ಟನೆಯ ಆಳದಲ್ಲಿ ಎಷ್ಟು ಒತ್ತಡವಿದೆಯೆಂಬುದನ್ನು ತಮ್ಮ ನಾಶದಿಂದಲೇ ಅಳೆದುಕೊಟ್ಟ ಮಾಪಕಗಳವು.

೮. ವೆನೆರಾ-೭

೧೯೭೦ರಲ್ಲಿ ಪೇಟಿಕೆಯನ್ನು ಟೈಟೇನಿಯಂ ಲೋಹದಿಂದ ಹೊಸದಾಗಿ ಕಟ್ಟಿದರು. ೧೮೦ ಮಡಿ ವಾಯುಭಾರವನ್ನೂ ೫೪೦ ಡಿಗ್ರಿ ಶಾಖವನ್ನೂ ಅದು ತಾಳಬೇಕಾಗಿತ್ತು. ಬಲವೆಲ್ಲ ಕವಚಕ್ಕೆ ಹೋದುದರಿಂದ ಒಳಗಿನ ಉಪಕರಣಗಳು ಕೆಲವೇ ಆದುವು: ಮುಖ್ಯವಾಗಿ ಉಷ್ಣಮಾಪಕ ಮತ್ತು ಒತ್ತಡಮಾಪಕ. ಆಗಸ್ಟ್ ೧೭ರಂದು ವೆನೆರಾ-೭ ಹೊರಟಿತು. ಆಗಸ್ಟ್ ೨೨ರಂದು ಹೊರಟ ಅದರ ಜೋಡಿಯು ಹಿಂದಿನ ಹಲವುಗಳಂತೆ ಭೂಕಕ್ಷೆಯಲ್ಲಿಯೇ ಉಳಿಯಿತು.

ಡಿಸೆಂಬರ್ ೧೫ರಂದು, ಮುಂಚಿತವಾಗಿಯೇ ಸೊನ್ನೆಗಿಂತ ಕೆಳಕ್ಕೆ ತಣಿಸಲ್ಪಟ್ಟಿದ್ದ ಪೇಟಿಕೆಯು ವಾಯುಮಂಡಲವನ್ನು ಹೊಕ್ಕಿತು. ಇಳಿಯುವಾಗ ಎರಡು ಅನರ್ಥಗಳು ಸಂಭವಿಸಿದುವು. ಅಳತೆಗಳನ್ನು ಸರದಿಯಂತೆ ಕಳುಹಿಸತಕ್ಕ ಕೀಲು ಒಂದೆಡೆ ಸಿಕ್ಕಿಕೊಂಡುದರಿಂದ ಉಷ್ಣತೆಯ ಅಳತೆಯಲ್ಲದೆ ಬೇರೇನೂ ಬರಲಿಲ್ಲ. ಪ್ಯಾರಾಚೂಟು ಹರಿದು, ಪೇಟಿಕೆಯು ಸೆಕೆಂಡಿಗೆ ಸುಮಾರು ೧೭ ಮೀಟರ್ ವೇಗದಿಂದ ನೆಲಕ್ಕೆ ಅಪ್ಪಳಿಸಿತು. ಆ ಕ್ಷಣದಲ್ಲಿ ದನಿಯು ಅಡಗಿದಂತೆ ತೋರಿತು. ಇದೂ ಹಿಂದಿನವುಗಳಂತೆಯೇ ಮುಗಿಯಿತೆಂದು ಭಾವಿಸಲಾಯಿತು.

ಆದರೆ ಗ್ರಾಹಕದಲ್ಲಿ ತುಂಬಿಕೊಂಡಿದ್ದ ಮುದ್ರಿಕೆಗಳನ್ನು ಆಮೇಲೆ ಸಾವಧಾನವಾಗಿ ಪರಿಶೀಲಿಸಿದಾಗ, ಬರಿಯ ಗದ್ದಲವೆಂದು ಕಂಡುದರೊಳಗೆ, ಮೊದಲಿನ ಬಲದ ಕೆಲವೇ ನೂರನೆಯ ಪಾಲಿನಷ್ಟು ಕ್ಷೀಣವಾದ ಸಂಕೇತವೊಂದು ೨೩ ನಿಮಿಷಗಳ ಕಾಲ ಬಂದಿದ್ದುದು ಗೊತ್ತಾಯಿತು. ಪೇಟಿಕೆಯು ಬಿದ್ದು ಹೊರಳಿ, ಅದರ ಪ್ರೇಷಕವು ಭೂಮಿಯ ಕಡೆಗಿಲ್ಲದೆ ಬೇರೆಡೆಗೆ ತಿರುಗಿದ್ದಿರಬೇಕು. ಆ ೨೩ ನಿಮಿಷಗಳೂ ಉಷ್ಣತೆಯು ಏರದೆ ಇಳಿಯದೆ ೪೭೫ ಡಿಗ್ರಿಯಲ್ಲಿ ನಿಂತಿತ್ತು. ಏರುತ್ತಿದ್ದ ಅಳತೆಯು ಸ್ಥಿರವಾಗಿ ನಿಂತುದೇ ಪೇಟಿಕೆಯು ನೆಲವನ್ನು ಸೇರಿತೆಂಬುದಕ್ಕೆ ಪ್ರಮಾಣ. ಒತ್ತಡದ ಅಳತೆಯು ಬಾರದಿದ್ದಾಗ್ಯೂ, ಉಷ್ಣತೆಯಿಂದಲೂ ಇಳಿದ ವೇಗದಿಂದಲೂ ಲೆಕ್ಕಹಾಕಿ ಅದು ಭೂಮಿಯ ವಾಯುಭಾರದ ಸುಮಾರು ೯೦ ಮಡಿಯೆಂದು ನಿರ್ಧರಿಸಿದರು. ಭೂಮಿಯಲ್ಲಿ ಅಂತಹ ಒತ್ತಡವನ್ನು ಕಾಣಬೇಕಾದರೆ ಸಮುದ್ರದಲ್ಲಿ ಸುಮಾರು ೯೦೦ ಮೀಟರ್ ಆಳಕ್ಕೆ ಇಳಿಯಬೇಕು.

ಮತ್ತೊಂದು ಗ್ರಹದ ನೆಲದಿಂದ ಬಂದ ಮೊದಲ ಮಾತು ಇದೇ. ೧೯೭೨ರಲ್ಲಿ ವೆನೆರಾ-೮ ಒತ್ತಡವನ್ನು ನೇರವಾಗಿ ಅಳೆದು ಈ ಲೆಕ್ಕವನ್ನು ದೃಢಪಡಿಸಿತು. ೧೯೭೫ರ ಅಕ್ಟೋಬರಿನಲ್ಲಿ ವೆನೆರಾ-೯ ಆ ನೆಲದ ಕಲ್ಲುಗಳ ಚಿತ್ರವನ್ನೇ ಕಳುಹಿಸಿತು.

೯. ಉಪಸಂಹಾರ

ಮೇಲ್ಕಂಡ ಸಂಗತಿಗಳಿಂದ ಮೂರು ವಿಷಯಗಳು ಸಿದ್ಧವಾಗುವುವು.

ಒಂದನೆಯದಾಗಿ, ಸೋತ ಯಾನಗಳಲ್ಲಿ ಹೆಚ್ಚಿನ ಪಾಲು ಗ್ರಹದಿಂದ ಸೋತುವಲ್ಲ, ಭೂಮಿಯಲ್ಲಿ ಪರೀಕ್ಷಿಸದೆ ಉಳಿದ ಒಂದೊಂದು ಚಿಕ್ಕ ಭಾಗದಿಂದ ಸೋತುವು. ಅವಕಾಶವು ತಪ್ಪೀತೆಂಬ ಆತುರವೂ, ಪ್ರತಿಸ್ಪರ್ಧಿಗಿಂತ ಮುಂದಾಗಬೇಕೆಂಬ ಹಂಬಲವೂ ಇದಕ್ಕೆ ಕಾರಣ. ಹತ್ತೊಂಬತ್ತು ತಿಂಗಳು ಕಾಯುವುದು ನಷ್ಟವೆಂದು ಎಣಿಸಿ ಹಾರಿಸಿದ ನೌಕೆಗಳಿಂದ ಅದಕ್ಕಿಂತ ಹೆಚ್ಚಿನ ಕಾಲವು ನಷ್ಟವಾಯಿತು.

ಎರಡನೆಯದಾಗಿ, ಅಜ್ಞಾನದಿಂದಾದ ಸೋಲು ಜ್ಞಾನಕ್ಕೆ ಸಾಧನವಾಗಬಹುದು. ಆದರೆ ಅದು ತಾನಾಗಿಯೇ ಆಗುವುದಿಲ್ಲ. ಯಂತ್ರವು ಕೊನೆಯ ಕ್ಷಣದವರೆಗೂ ಮಾತನಾಡುತ್ತಿರಬೇಕು, ಅದು ಎಲ್ಲಿ ಎಂತಹ ಸ್ಥಿತಿಯಲ್ಲಿ ನಾಶವಾಯಿತೆಂಬುದು ತಿಳಿದಿರಬೇಕು. ವೆನೆರಾ-೩ ಮೌನವಾಗಿ ನಾಶವಾದುದರಿಂದ ಏನನ್ನೂ ಕಲಿಸಲಿಲ್ಲ. ವೆನೆರಾ-೪ ಮಾತನಾಡುತ್ತ ನಾಶವಾದುದರಿಂದ ವೆನೆರಾ-೭ನ್ನು ಕಟ್ಟುವ ಅಳತೆಯನ್ನು ಕೊಟ್ಟಿತು.

ಮೂರನೆಯದಾಗಿ, ಸೋಲನ್ನು ಸೋಲೆಂದು ಒಪ್ಪಿಕೊಳ್ಳುವುದು ಶಾಸ್ತ್ರದ ಬೆಳವಣಿಗೆಗೆ ಅಗತ್ಯವಾದುದು. ಕಕ್ಷೆಯಲ್ಲಿ ಉಳಿದ ನೌಕೆಗಳಿಗೆ ಬೇರೆ ಹೆಸರುಗಳನ್ನಿಟ್ಟು ಗುರಿಯನ್ನು ಮರೆಮಾಚುವ ಪದ್ಧತಿಯು ಹೊರಗಿನವರನ್ನು ಮೋಸಗೊಳಿಸಿರಬಹುದು. ವೆನೆರಾ-೪ ನೆಲವನ್ನು ಮುಟ್ಟಿತೆಂದು ಸಾರಿದ ಪ್ರಕಟಣೆಯಾದರೋ ಒಂದು ತಪ್ಪು ಸಂಖ್ಯೆಯನ್ನು ಶಾಸ್ತ್ರದೊಳಕ್ಕೇ ಸೇರಿಸಿಬಿಡುವುದರಲ್ಲಿತ್ತು. ಎದುರುಪಕ್ಷದ ನೌಕೆಯೊಂದರ ಅಳತೆಯೊಡನೆ ಹೋಲಿಸಿ ನೋಡಿದ ಎರಡೂ ದೇಶಗಳ ಶಾಸ್ತ್ರಜ್ಞರ ಪ್ರಾಮಾಣಿಕತೆಯಿಂದ ಆ ತಪ್ಪು ನಿವಾರಣೆಯಾಯಿತು.

ಈ ದಶಕದ ಪಾಠಗಳು ಮುಂದಿನವರಿಗೆ ವ್ಯರ್ಥವಾಗಲಿಲ್ಲ. ಭಾರತದ ಮೊದಲ ಕುಜನೌಕೆಯು ೨೦೧೩ರ ನವೆಂಬರ್ ೫ರಂದು ಶ್ರೀಹರಿಕೋಟೆಯಿಂದ ಹೊರಟಾಗ, ಅದರ ಮುಖ್ಯ ರಾಕೆಟ್ಟು ಸುಮಾರು ೩೦೦ ದಿನಗಳ ಕಾಲ ನಿಷ್ಕ್ರಿಯವಾಗಿದ್ದು ಆಮೇಲೆ ಹೊತ್ತಬೇಕಾಗಿತ್ತು. ದೀರ್ಘಯಾನದಲ್ಲಿ ಕವಾಟಗಳೂ ಕೀಲುಗಳೂ ಏನಾಗುವುವೆಂಬುದಕ್ಕೆ ೧೯೬೦ರ ದಶಕದ ಚರಿತ್ರೆಯೇ ಎಚ್ಚರಿಕೆ. ಬೆಂಗಳೂರಿನಿಂದ ನೌಕೆಯನ್ನು ನಡಸುತ್ತಿದ್ದವರು, ಮುಖ್ಯ ರಾಕೆಟ್ಟು ಕೈಕೊಟ್ಟರೆ ಚಿಕ್ಕ ರಾಕೆಟ್ಟುಗಳಿಂದಲೇ ಕೆಲಸವನ್ನು ಸಾಗಿಸುವ ಏರ್ಪಾಡನ್ನು ಮಾಡಿಕೊಂಡು, ೨೦೧೪ರ ಸೆಪ್ಟೆಂಬರ್ ೨೨ರಂದು ಅದನ್ನು ಸುಮಾರು ನಾಲ್ಕು ಸೆಕೆಂಡುಗಳ ಕಾಲ ಮಾತ್ರ ಹೊತ್ತಿಸಿ ಪರೀಕ್ಷಿಸಿದರು. ೨೪ರಂದು ನೌಕೆಯು ಕುಜನ ಕಕ್ಷೆಯನ್ನು ಸೇರಿತು. ಬೆಂಗಳೂರಿನ ಹತ್ತಿರದ ಬ್ಯಾಲಾಳು ಗ್ರಾಮದಲ್ಲಿರುವ ೩೨ ಮೀಟರಿನ ಗ್ರಾಹಕವು ಅದರ ದನಿಯನ್ನು ಆಲಿಸಿದ ಗ್ರಾಹಕಗಳಲ್ಲೊಂದು. ಆ ನಾಲ್ಕು ಸೆಕೆಂಡುಗಳ ಪರೀಕ್ಷೆಯ ಹಿಂದೆ, ಪರೀಕ್ಷೆಯಿಲ್ಲದೆ ಹೊರಟು ಮೂಕವಾಗಿ ಹೋದ ಅನೇಕ ನೌಕೆಗಳ ಅನುಭವವು ಸೇರಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು.